ಎರೆನೆಲದ ಪೇಟೆಯಲ್ಲಿ ಅಕ್ಕಿ: ದರ ಕಟ್ಟುವವರು ಯಾರು?

ಗದಗಿನ ಕೃಷಿ ಮಾರುಕಟ್ಟೆಗೆ ಬರುವ ಮಾಲಿನಲ್ಲಿ ಶೇಂಗಾ, ಹೆಸರು, ಕಡಲೆ, ಗೋವಿನಜೋಳ, ಒಣಮೆಣಸಿನಕಾಯಿ, ಉಳ್ಳಾಗಡ್ಡಿಯದೇ ಮೇಲುಗೈ. ಭತ್ತಕ್ಕೆ ಅಲ್ಲಿ ಹೇಳಿಕೊಳ್ಳುವಂಥ ಜಾಗವಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲೂ ಹಾಗೆಯೇ. ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗುಂಟ ಅಷ್ಟಿಷ್ಟು ಭತ್ತ ಕಾಣುತ್ತದೆ, ಅದು ಬಿಟ್ಟರೆ ಈ ಸೀಮೆ ಎರೆ ಮತ್ತು ಮಸಾರಿಯ ಒಣಬೇಸಾಯದ್ದು. ಆದರೂ ಈ ನಾಲ್ಕು ಊರುಗಳ ಯಾವ ಕಿರಾಣಿ ಅಂಗಡಿಗೆ ಹೋದರೂ ಬಾಗಿಲಲ್ಲೇ ಎದುರಾಗುವುದು ಅಕ್ಕಿ ಚೀಲ. ರೊಟ್ಟಿ ಉಂಡ ಮೇಲೆ ಒಂದು ತುತ್ತು ಅನ್ನ ಎನ್ನುತ್ತಿದ್ದ ಮನೆಗಳಲ್ಲಿ ಈಗ ಎರಡು ಹೊತ್ತೂ ಅನ್ನ ಬೇಯುತ್ತದೆ.

ಆ ಚೀಲದ ಮೇಲಿನ ದರ ಎಲ್ಲಿ ಹುಟ್ಟಿತು? ಗಂಗಾವತಿಯ ಗದ್ದೆಯಲ್ಲೋ, ಗಿರಣಿಯಲ್ಲೋ, ದಿಲ್ಲಿಯ ಆದೇಶದಲ್ಲೋ, ಬ್ಯಾಂಕಾಕಿನ ಹಡಗುಕಟ್ಟೆಯಲ್ಲೋ? ಈ ಪ್ರಶ್ನೆಗೆ ನೂರು ವರ್ಷಗಳಿಂದ ಬೇರೆ ಬೇರೆ ಪಂಥದವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳೆಲ್ಲ ಹೆಚ್ಚಾಗಿ ಭತ್ತ ಬೆಳೆಯುವವರ ಕಡೆಯಿಂದ, ಇಲ್ಲವೇ ಅಕ್ಕಿ ಕೊಳ್ಳುವ ಮಹಾನಗರಗಳ ಕಡೆಯಿಂದ ಬಂದವು. ಭತ್ತ ಬೆಳೆಯದ, ಆದರೆ ಅಕ್ಕಿಯ ದರಕ್ಕೆ ತನ್ನ ಜೋಳವನ್ನೂ ಗೋವಿನಜೋಳವನ್ನೂ ಒಡ್ಡಿಕೊಂಡಿರುವ ಸೀಮೆಯಿಂದ ನೋಡಿದರೆ ವಾದಗಳ ತೂಕವೇ ಬೇರೆಯಾಗುತ್ತದೆ. ಈ ಲೇಖನ ಆ ಕಡೆಯಿಂದ ನೋಡುವ ಪ್ರಯತ್ನ.

ಮೂರು ಸರಕಾರಗಳ ನಾಲ್ಕು ಪೇಟೆ

ಸ್ವಾತಂತ್ರ್ಯಕ್ಕೆ ಮೊದಲು ಈ ನಾಲ್ಕು ಊರುಗಳ ಮೇಲೆ ಒಂದೇ ಕಾನೂನು ನಡೆಯುತ್ತಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಮುಂಬೈ ಸರಕಾರ ಪೇಟೆಗೆ ಮಾಡಿದ ಕಟ್ಟಳೆ ಲಕ್ಷ್ಮೇಶ್ವರದ ಅಡತಿ ಅಂಗಡಿಯನ್ನು ನೇರವಾಗಿ ಮುಟ್ಟುವಂತಿರಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡು, 1956ರಲ್ಲಿ ಇಡೀ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಗದಗ ಜಿಲ್ಲೆಯಾಯಿತು.

ಇಲ್ಲಿನ ಪೇಟೆಗೆ ನಿಯಮ ಕಲಿಸಿದ್ದು ಅಕ್ಕಿಯಲ್ಲ, ಹತ್ತಿ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲಂಕಾಶೈರಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಗೆ ಮುಗಿಬಿದ್ದವು. ಮುಂದೆ 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು. ಹಣ ಬಂದಲ್ಲಿ ಮೋಸವೂ ಬಂತು: ತೂಕದಲ್ಲಿ ಕಡಿತ, ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಕುದುರಿಸುವ ಗುಟ್ಟಿನ ದರ, ಹತ್ತೆಂಟು ಹೆಸರಿನ ಧರ್ಮಾದಾಯ. ಇದಕ್ಕೆ ಉತ್ತರವಾಗಿ ಎರಡು ದಾರಿಗಳು ಹುಟ್ಟಿದವು, ಎರಡೂ ಈ ಸೀಮೆಯಲ್ಲೇ ಬೇರುಬಿಟ್ಟವು. ಮೊದಲನೆಯದು ಸಹಕಾರ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾಯಿತು. ಹತ್ತಿಯನ್ನು ಕೂಡಿ ಮಾರುವ ಸಂಘ 1915ರಲ್ಲಿ ಹುಬ್ಬಳ್ಳಿಯಲ್ಲೂ 1917ರಲ್ಲಿ ಗದಗಿನಲ್ಲೂ ಬಂತು. ಎರಡನೆಯದು ಕಾನೂನು: 1927ರ ಮುಂಬೈ ಹತ್ತಿ ಮಾರುಕಟ್ಟೆ ಕಾಯ್ದೆ, 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಮಾಡಿದ ಶಿಫಾರಸು, ಆಮೇಲೆ ಎಲ್ಲ ಕೃಷಿ ಹುಟ್ಟುವಳಿಗೂ ಅನ್ವಯಿಸುವ 1939ರ ಕಾಯ್ದೆ. ಇಂದಿನ ಎಪಿಎಂಸಿ ವ್ಯವಸ್ಥೆಯ ಅಡಿಪಾಯ ಅದು. ಕರ್ನಾಟಕದ್ದೇ ಆದ ಕಾಯ್ದೆ 1966ರದು, ಜಾರಿಗೆ ಬಂದದ್ದು 1968ರಲ್ಲಿ.

ಅಕ್ಕಿಯ ದಾರಿ ಬೇರೆ. ಹಳೆಯ ಧಾರವಾಡ ಜಿಲ್ಲೆಯಲ್ಲಿ ಭತ್ತವೆಂದರೆ ಮಲೆನಾಡ ಸೆರಗಿನದು. ಕಲಘಟಗಿ, ಹಾನಗಲ್ಲ ಕಡೆ ಕೂರಿಗೆಯಲ್ಲಿ ಬಿತ್ತುವ ಮಳೆಯಾಶ್ರಿತ ಬೆಳೆ. ಧಾರವಾಡದ ಬಳಿಯ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರ ಇರುವುದೂ ಅದಕ್ಕೇ. ಎರೆನೆಲದ ಮನೆಗಳಿಗೆ ಅನ್ನ ಹಬ್ಬದ ಊಟವಾಗಿತ್ತು, ದಿನದ ಹೊಟ್ಟೆ ತುಂಬಿಸುತ್ತಿದ್ದುದು ಹಗೇವಿನ ಜೋಳ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಆ ಯೋಜನೆಯ ಉದ್ದೇಶ ಬರಪೀಡಿತ ನೆಲದ ಜೋಳ, ಹತ್ತಿಗೆ ಲಘು ನೀರಾವರಿ ಕೊಡುವುದು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಭತ್ತದ ರೈತರು, ಅವರನ್ನು ಕಂಡು ಕಲಿತ ಸ್ಥಳೀಯರು, ಕಾಗದದ ಮೇಲಿನ ಬೆಳೆ ಪದ್ಧತಿಯನ್ನು ಬದಿಗಿಟ್ಟು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಭತ್ತದ ಕಣಜ ಮಾಡಿದರು. ಕಾಲುವೆಯ ಕೊನೆಯ ರೈತನಿಗೆ ನೀರು ತಪ್ಪಿದ್ದು ಇದೇ ಯಶಸ್ಸಿನ ಇನ್ನೊಂದು ಮುಖ. ಗದಗಿನಿಂದ ಗಂಗಾವತಿಗೆ ನೂರು ಕಿಲೋಮೀಟರಿನ ಆಸುಪಾಸು. ಲಾರಿಗೆ ಅದು ಅರ್ಧ ದಿನದ ಕೆಲಸ.

ಚೀಲದೊಳಗಿನ ಲೆಕ್ಕ

ವಾದಗಳಿಗೆ ಇಳಿಯುವ ಮುನ್ನ ವ್ಯಾಪಾರದ ಮೂಲ ಪಾಠ ಗೊತ್ತಿರಬೇಕು. ರೈತ ಮಾರುವುದು ಭತ್ತ, ಗಿರಾಕಿ ಕೊಳ್ಳುವುದು ಅಕ್ಕಿ, ನಡುವೆ ಗಿರಣಿ. ಗಂಗಾವತಿ ಕಡೆ ಭತ್ತದ ದರವನ್ನು 75 ಕೆ.ಜಿ. ಚೀಲಕ್ಕೆ ಹೇಳುವ ರೂಢಿ, ಸರಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲಿಗೆ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ₹2,369, ‘ಎ’ ದರ್ಜೆಗೆ ₹2,389. ಸಾಮಾನ್ಯ ಭತ್ತದ ಲೆಕ್ಕದಲ್ಲಿ ಒಂದು ಚೀಲಕ್ಕೆ ಸುಮಾರು ₹1,777 ಆಯಿತು. ಪೇಪರಿನಲ್ಲಿ ದರ ಓದುವಾಗ ಈ ಎರಡು ಅಳತೆಗಳನ್ನು ಬೆರೆಸಿಕೊಂಡವರು ಕಡಿಮೆಯೇನಿಲ್ಲ.

ಕ್ವಿಂಟಲ್ ಭತ್ತ ಬಡಿದರೆ ಸರಕಾರಿ ಲೆಕ್ಕದಲ್ಲಿ 67 ಕೆ.ಜಿ. ಅಕ್ಕಿ ಬರಬೇಕು, ಕುದಿಸಿದ್ದಾದರೆ 68. ಅಂದರೆ ಬೆಂಬಲ ಬೆಲೆಯ ಭತ್ತದಿಂದ ಬಂದ ಅಕ್ಕಿಗೆ, ಬೇರೆ ಯಾವ ಖರ್ಚೂ ಸೇರದೆ, ಕೆ.ಜಿ.ಗೆ ₹35 ಬಿದ್ದಿರುತ್ತದೆ. ಗಿರಣಿಯವನ ಖರ್ಚು ಹುಟ್ಟುವುದು ತೌಡು, ಹೊಟ್ಟು, ನುಚ್ಚಕ್ಕಿಯಿಂದ. ತೌಡು ಎಣ್ಣೆ ಕಾರ್ಖಾನೆಗೆ, ಹೊಟ್ಟು ಬಾಯ್ಲರಿಗೆ, ನುಚ್ಚು ಕೋಳಿ ಮೇವಿಗೂ ಹೆಂಡದ ಕಾರ್ಖಾನೆಗೂ ಹೋಗುತ್ತದೆ. ಹೀಗಾಗಿ ಅಕ್ಕಿಯ ದರ ಏರದೆಯೂ ಗಿರಣಿಗೆ ಲಾಭ ಬರಬಹುದು, ಏರಿಯೂ ಬಾರದೆ ಇರಬಹುದು.

ದರ ಬದಲಿಸುವ ಇನ್ನೂ ಮೂರು ಸಂಗತಿಗಳಿವೆ. ಮೊದಲನೆಯದು ಹಸಿ: ಸರಕಾರಿ ಖರೀದಿಯಲ್ಲಿ ಭತ್ತದ ತೇವ ಶೇ 17 ದಾಟಬಾರದು, ಕೊಯ್ಲು ಯಂತ್ರದಿಂದ ನೇರ ಬಂದ ಭತ್ತ ಅದನ್ನು ಸಲೀಸಾಗಿ ದಾಟುತ್ತದೆ. ಒಣಗಿಸಲು ಕಣ ಇಲ್ಲದವನು ರಸ್ತೆಯಲ್ಲಿ ಹರಡಬೇಕು, ಇಲ್ಲವೇ ಗಿರಣಿಯವನು ಹೇಳಿದ ದರಕ್ಕೆ ಕೊಡಬೇಕು. ಎರಡನೆಯದು ತಳಿ. ಸರಕಾರದ ಕಣ್ಣಿಗೆ ಇರುವುದು ಎರಡೇ ದರ್ಜೆ. ಪೇಟೆಗೆ ಸೋನಾ ಮಸೂರಿ ಬೇರೆ, ಬಿಪಿಟಿ ಬೇರೆ, ಆರ್‌ಎನ್‌ಆರ್ ಬೇರೆ. ಮೂರನೆಯದು ವಯಸ್ಸು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಅರಳುತ್ತದೆ. ಆದ್ದರಿಂದ ವರ್ಷ ಕಾದ ಅಕ್ಕಿಗೆ ದರ ಜಾಸ್ತಿ. ಆ ಹೆಚ್ಚಿನ ದರ ಗೋಡೌನ್ ಬಾಡಿಗೆ, ಬಡ್ಡಿ ಮತ್ತು ಇಲಿ-ಹುಳದ ಅಪಾಯಕ್ಕೆ ಸಲ್ಲುವ ಕೂಲಿ. ಇದನ್ನು ದಾಸ್ತಾನು ಕೊಳ್ಳೆ ಎಂದು ಬೈಯುವವರೂ ಹಳೆ ಅಕ್ಕಿಯನ್ನೇ ಕೇಳಿ ಒಯ್ಯುತ್ತಾರೆ.

ತೆರಿಗೆಯೂ ಚೀಲದ ಆಕಾರವನ್ನೇ ಬದಲಿಸಿದ್ದುಂಟು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂದದ್ದೇ ತಡ, ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು.

ಪೇಟೆ ಸರಿ ಇದ್ದರೆ ದರ ಸರಿ: ನಿಯಂತ್ರಿತ ಮಾರುಕಟ್ಟೆಯ ಪಕ್ಷ

ಮೊದಲ ಪಂಥದ ವಾದ ಸರಳ. ಬೆಲೆ ಹಾಳಾಗುವುದು ಬೆಲೆಯಿಂದಲ್ಲ, ಪೇಟೆಯ ಗುಟ್ಟಿನಿಂದ. ಬಹಿರಂಗ ಲಿಲಾವು, ಸರಿಯಾದ ತೂಕ, ಲೈಸೆನ್ಸ್ ಇರುವ ಖರೀದಿದಾರ, ಅದೇ ದಿನ ಪಟ್ಟಿ. ಇಷ್ಟಾದರೆ ರೈತನಿಗೆ ನ್ಯಾಯದ ದರ ತಾನಾಗಿ ಸಿಗುತ್ತದೆ. ಕಾನೂನಿನ ಪ್ರಕಾರ ದಲಾಲಿ ಕೊಡಬೇಕಾದವನು ಖರೀದಿದಾರ. ರೈತನ ಪಟ್ಟಿಯಲ್ಲಿ ಅದನ್ನು ಮುರಿಯುವಂತಿಲ್ಲ. ಬಿಳಿ ಚೀಟಿಯ ಮೇಲೆ ಗುಟ್ಟಾಗಿ ಮುರಿಯುವ ಚಾಳಿಯ ಬಗ್ಗೆ ರಾಜ್ಯದ ಎಷ್ಟೋ ಪೇಟೆಗಳಲ್ಲಿ ರೈತರು ದೂರುತ್ತಲೇ ಬಂದಿದ್ದಾರೆ ಎಂಬುದು ಬೇರೆ ಮಾತು.

ಈ ಪಂಥದ ಹೊಸ ಅವತಾರ ಗಣಕಯಂತ್ರದ್ದು. 2014ರಿಂದ ಕರ್ನಾಟಕ ತನ್ನ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ಟೆಂಡರ್ ವೇದಿಕೆಗೆ ತಂದಿತು. ಕೇಂದ್ರದ ಇ-ನಾಮ್ ಬಂದದ್ದು ಅದಾಗಿ ಎರಡು ವರ್ಷಕ್ಕೆ, 2016ರ ಏಪ್ರಿಲ್‌ನಲ್ಲಿ. ಕರ್ನಾಟಕದ ಈ ಪ್ರಯೋಗವನ್ನು ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಸಂಗಡಿಗರು ಅಭ್ಯಾಸ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭತ್ತದ ದರ ಶೇ 5.1, ಶೇಂಗಾ ಶೇ 3.6, ಗೋವಿನಜೋಳ ಶೇ 3.5 ಏರಿದ್ದು ಕಂಡುಬಂತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳುವಂಥ ಫಲ ಕಾಣಲಿಲ್ಲ. ಗದಗಿನ ಮಟ್ಟಿಗೆ ಇದು ಅರ್ಧ ಸಿಹಿ: ಶೇಂಗಾಕ್ಕೆ ದಕ್ಕಿದ್ದು ಹೆಸರಿಗೆ ದಕ್ಕಲಿಲ್ಲ.

ಈ ಪಂಥ ವಿವರಿಸಲಾಗದ್ದು ಎರಡು. ಒಂದು, ಸಾಲ. ಬೀಜ, ಗೊಬ್ಬರ, ಮದುವೆಗೆ ದಲಾಲರ ಅಂಗಡಿಯಿಂದ ಉದ್ರಿ ತಂದ ರೈತ ಅದೇ ಅಂಗಡಿಗೆ ಮಾಲು ತರಬೇಕು; ನೂರು ಊರಿನ ಖರೀದಿದಾರರು ಪರದೆಯ ಮೇಲೆ ಕೂತರೂ ಅವನ ಚೀಲ ಇಳಿಯುವ ಕಟ್ಟೆ ಬದಲಾಗುವುದಿಲ್ಲ. ದಕ್ಷಿಣ ಭಾರತದ ಕೃಷಿ ಮಾರುಕಟ್ಟೆಗಳನ್ನು ದಶಕಗಟ್ಟಲೆ ನೋಡಿದ ಬಾರ್ಬರಾ ಹ್ಯಾರಿಸ್-ವೈಟ್ ಒತ್ತಿ ಹೇಳಿದ್ದು ಇದನ್ನೇ. ಪೇಟೆ ಎಂದರೆ ಬರೀ ಕೊಡು-ಕೊಳ್ಳುವ ಜಾಗವಲ್ಲ, ಜಾತಿ, ಸಾಲ, ಅಧಿಕಾರಗಳು ಹೆಣೆದುಕೊಂಡ ವ್ಯವಸ್ಥೆ. ಇನ್ನೊಂದು, ಭತ್ತದ ಬಹುಪಾಲು ವ್ಯವಹಾರ ಹೊಲದ ಬದುವಿನಲ್ಲೋ ಗಿರಣಿಯ ಬಾಗಿಲಲ್ಲೋ ಮುಗಿದುಬಿಡುತ್ತದೆ. ಗಿರಣಿಯಿಂದ ಗದಗಿನ ಸಗಟು ಅಂಗಡಿಗೆ ಅಕ್ಕಿ ಬರುವ ವ್ಯಾಪಾರ ಲಿಲಾವು ಕಟ್ಟೆಯನ್ನು ಮುಟ್ಟುವುದೇ ಇಲ್ಲ.

ಬೆಲೆಗೆ ಸರಕಾರವೇ ಜಾಮೀನು: ಬೆಂಬಲ ಬೆಲೆಯ ಪಕ್ಷ

ಎರಡನೆಯ ಪಂಥ ಹೇಳುವುದು, ಎಲ್ಲರೂ ಒಂದೇ ತಿಂಗಳಲ್ಲಿ ಕೊಯ್ದು ಒಂದೇ ವಾರದಲ್ಲಿ ಮಾರುವ ಮಾಲಿಗೆ ಪೇಟೆ ಎಂದೂ ನ್ಯಾಯ ಕೊಡಲಾರದು. 1943ರ ಬಂಗಾಳದ ಕ್ಷಾಮ ಈ ಪಂಥದ ನೆನಪಿನಲ್ಲಿ ಆಳವಾಗಿ ಕೂತಿದೆ. ಯುದ್ಧಕಾಲದ ರೇಶನ್, 1947ರ ಕೊನೆಗೆ ಗಾಂಧೀಜಿಯ ಒತ್ತಾಯದ ಮೇರೆಗೆ ಸಡಿಲಿಸಿದ ನಿಯಂತ್ರಣ, 1948ರಲ್ಲಿ ಮತ್ತೆ ಬಿಗಿ, ರಫಿ ಅಹಮದ್ ಕಿದ್ವಾಯಿ ಆಹಾರ ಮಂತ್ರಿಯಾದಾಗ ಮತ್ತೆ ಸಡಿಲು. ಅಕ್ಕಿಯ ಮೇಲಿನ ಹಗ್ಗ ಹೀಗೆ ಬಿಗಿಯುತ್ತ ಸಡಿಲುತ್ತ ಬಂತು. 1957ರಲ್ಲಿ ಆಂಧ್ರ, ಮದ್ರಾಸ್, ಮೈಸೂರು, ಕೇರಳ ಸೇರಿ ದಕ್ಷಿಣ ಅಕ್ಕಿ ವಲಯ ಆಯಿತು; ಒಂದು ವರ್ಷದ ಹಿಂದೆ ಮುಂಬೈ ರಾಜ್ಯದಲ್ಲಿದ್ದ ಗದಗ ಆಗ ಈ ವಲಯದೊಳಗೆ ಬಿತ್ತು. 1965ರಲ್ಲಿ ಭಾರತೀಯ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ ಹುಟ್ಟಿದವು. ಗಿರಣಿಗಳಿಂದ ಕಡ್ಡಾಯವಾಗಿ ಪಡೆಯುತ್ತಿದ್ದ ಲೆವಿ ಅಕ್ಕಿಯ ಪದ್ಧತಿ 2015ರ ಅಕ್ಟೋಬರ್‌ವರೆಗೂ ಉಳಿದಿತ್ತು.

ಬೆಲೆಯ ಪ್ರಶ್ನೆ ಈ ಜಿಲ್ಲೆಯಲ್ಲಿ ರಕ್ತ ಹರಿಸಿದ್ದೂ ಇದೆ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ನಡೆಯಿತು. ಸಿಟ್ಟು ಮೇಲ್ನೋಟಕ್ಕೆ ನೀರಿನ ಕರ ಮತ್ತು ಅಭಿವೃದ್ಧಿ ಕರದ ಮೇಲೆ. ಕೆಳಗೆ ಹರಿಯುತ್ತಿದ್ದುದು ನೀರಾವರಿಗೆ ಸಾಲ ಮಾಡಿ ಬೆಳೆದ ಮಾಲಿಗೆ ದರ ಸಿಗದ ಹತಾಶೆ. ಅದೇ ವರ್ಷ ರಾಜ್ಯ ರೈತ ಸಂಘ ಕಟ್ಟಲಾಯಿತು. ‘ವೈಜ್ಞಾನಿಕ ಬೆಲೆ’ ಅದರ ಮುಖ್ಯ ಬೇಡಿಕೆಯಾಯಿತು. ಮುಂದೆ ಸ್ವಾಮಿನಾಥನ್ ಆಯೋಗ ಖರ್ಚಿನ ಮೇಲೆ ಶೇ 50 ಸೇರಿಸಿರಿ ಎಂದಾಗ ಜಗಳ ನಿಂತದ್ದು ‘ಖರ್ಚು’ ಎಂದರೇನು ಎಂಬಲ್ಲಿ. ಸರಕಾರ ಕೈಯಿಂದ ಹೋದ ಹಣಕ್ಕೆ ಮನೆಯವರ ದುಡಿಮೆಯನ್ನಷ್ಟೇ ಸೇರಿಸುತ್ತದೆ, ರೈತ ಸಂಘಟನೆಗಳು ಸ್ವಂತ ಭೂಮಿಯ ಗೇಣಿ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿ ಎನ್ನುತ್ತವೆ.

ಈ ಪಂಥದ ಬಲ ದೊಡ್ಡದು: ಬೆಂಬಲ ಬೆಲೆ ಘೋಷಣೆಯಾದ ಕ್ಷಣದಿಂದ ಗಿರಣಿಯವನ ಎದುರು ರೈತನಿಗೆ ಒಂದು ಅಂಕಿ ಸಿಗುತ್ತದೆ, ಕುದುರಿಸಲು ಕಾಲೂರುವ ಜಾಗ ಸಿಗುತ್ತದೆ. ದೌರ್ಬಲ್ಯವೂ ಅಷ್ಟೇ ಸ್ಪಷ್ಟ. 2015ರಲ್ಲಿ ಶಾಂತಕುಮಾರ್ ಸಮಿತಿ ಲೆಕ್ಕ ಹಾಕಿದಂತೆ ಸರಕಾರಿ ಸಂಸ್ಥೆಗಳಿಗೆ ಮಾರುವ ರೈತರು ದೇಶದಲ್ಲಿ ಶೇ 6ರಷ್ಟು. ಘೋಷಣೆ ಹಲವು ಬೆಳೆಗಳಿಗೆ, ಖರೀದಿ ಮಾತ್ರ ಹೆಚ್ಚಾಗಿ ಅಕ್ಕಿ, ಗೋಧಿಗೆ. ಸರಕಾರವೇ ವ್ಯಾಪಾರಿಯಾದರೆ ಏನಾದೀತು ಎಂಬುದಕ್ಕೆ ಥಾಯ್ಲೆಂಡಿನ ಕತೆಯಿದೆ. 2011ರಲ್ಲಿ ಯಿಂಗ್‌ಲಕ್ ಶಿನವಾತ್ರ ಸರಕಾರ ಪೇಟೆಗಿಂತ ಸುಮಾರು ಒಂದೂವರೆ ಪಟ್ಟು ದರ ಕೊಟ್ಟು ಭತ್ತ ಖರೀದಿಸಿ, ದಾಸ್ತಾನು ಇಟ್ಟುಕೊಂಡರೆ ಜಗತ್ತಿನ ದರವನ್ನೇ ಏರಿಸಬಹುದೆಂದು ನಂಬಿತು. ಅದೇ ಹೊತ್ತಿಗೆ ಭಾರತ ರಫ್ತಿಗೆ ಬಾಗಿಲು ತೆರೆದಿತ್ತು. ದರ ಏರಲಿಲ್ಲ, ಥಾಯ್ ಗೋಡೌನುಗಳು ತುಂಬಿದವು, 2012ರಲ್ಲಿ ಭಾರತ ಅತಿ ದೊಡ್ಡ ಅಕ್ಕಿ ರಫ್ತುದಾರನಾಯಿತು. ಇಲ್ಲೂ 1973ರಲ್ಲಿ ಗೋಧಿಯ ಸಗಟು ವ್ಯಾಪಾರವನ್ನು ರಾಷ್ಟ್ರೀಕರಿಸಿ ಕೈಸುಟ್ಟುಕೊಂಡ ಮೇಲೆ ಅಕ್ಕಿಯ ಸರದಿ ಬರಲೇ ಇಲ್ಲ.

ಹಗ್ಗ ಬಿಚ್ಚಿ ಎನ್ನುವವರು

ಮೂರನೆಯ ಪಂಥಕ್ಕೆ ಅಕ್ಕಿಯ ದರ ಕೆಡಿಸುವವನು ದಲಾಲನಲ್ಲ, ಸರಕಾರ. ರೈತ ಚಳವಳಿಯ ಒಳಗೇ ಈ ಬಿರುಕು ಇತ್ತು. ಮಹಾರಾಷ್ಟ್ರದ ಶರದ್ ಜೋಶಿ ಮುಕ್ತ ಪೇಟೆಯನ್ನು ಸ್ವಾಗತಿಸಿದರೆ, ಕರ್ನಾಟಕದ ಎಂ.ಡಿ. ನಂಜುಂಡಸ್ವಾಮಿ ಗ್ಯಾಟ್ ಒಪ್ಪಂದವನ್ನು ಬೀದಿಯಲ್ಲಿ ಎದುರಿಸಿದರು. ಎರಡು ರಾಜ್ಯಗಳ ನಡುವಿನ ಈ ಸೀಮೆಯಲ್ಲಿ ಎರಡೂ ಮಾತುಗಳಿಗೆ ಕಿವಿಗಳಿದ್ದವು.

ಇವರ ದೊಡ್ಡ ಸಾಕ್ಷ್ಯ ರಫ್ತು ನಿಷೇಧ. ಜಗತ್ತಿನಲ್ಲಿ ಬೆಳೆಯುವ ಅಕ್ಕಿಯಲ್ಲಿ ಗಡಿ ದಾಟುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಪೇಟೆ ಇಷ್ಟು ತೆಳುವಾಗಿರುವಾಗ ಒಬ್ಬ ದೊಡ್ಡ ಮಾರಾಟಗಾರ ಬಾಗಿಲು ಹಾಕಿದರೂ ದರ ಜಿಗಿಯುತ್ತದೆ. 2007ರ ಅಕ್ಟೋಬರ್‌ನಲ್ಲಿ ಭಾರತ ಬಾಸ್ಮತಿಯೇತರ ಅಕ್ಕಿಯ ರಫ್ತು ತಡೆಯಿತು, ವಿಯೆಟ್ನಾಂ ಮತ್ತಿತರ ದೇಶಗಳು ಹಿಂಬಾಲಿಸಿದವು, ಥಾಯ್ ಅಕ್ಕಿಯ ದರ ಕೆಲವೇ ತಿಂಗಳಲ್ಲಿ ಟನ್ನಿಗೆ 300 ಡಾಲರಿನ ಆಸುಪಾಸಿನಿಂದ 2008ರ ಬೇಸಿಗೆಗೆ 1,000 ಡಾಲರಿನ ಹತ್ತಿರ ಹೋಯಿತು. ಜಗತ್ತಿನ ಬೆಳೆ ಕೆಟ್ಟಿರಲಿಲ್ಲ, ಕೆಟ್ಟದ್ದು ನಂಬಿಕೆ. ಮತ್ತೆ 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿಗೆ ತಡೆ, 2023ರ ಜುಲೈ 20ರಂದು ಬಿಳಿ ಅಕ್ಕಿಗೆ ತಡೆ, ಮರುತಿಂಗಳು ಕುದಿಸಿದ ಅಕ್ಕಿಗೆ ಶೇ 20 ಸುಂಕ. ಅಷ್ಟರಲ್ಲಿ ಜಾಗತಿಕ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಶೇ 40ರಷ್ಟಾಗಿತ್ತು. 2024ರ ಸೆಪ್ಟೆಂಬರ್ ಕೊನೆಗೆ ಬಿಳಿ ಅಕ್ಕಿಯ ತಡೆ ಹೋಯಿತು, 2025ರ ಮಾರ್ಚ್‌ನಲ್ಲಿ ನುಚ್ಚಕ್ಕಿಯದೂ ಹೋಯಿತು. ಒಂದು ಅಧಿಸೂಚನೆ ರಾತ್ರಿ ಹೊರಬಿದ್ದರೆ ಬೆಳಗ್ಗೆ ಭತ್ತದ ದರ ಬದಲಾಗಿರುತ್ತದೆ. ರೈತ ಅಗ್ಗದ ಅಕ್ಕಿಗೆ ನಗರದ ಪರವಾಗಿ ದಂಡ ಕಟ್ಟುತ್ತಿದ್ದಾನೆ ಎಂಬ ಇವರ ವಾದವನ್ನು ತಳ್ಳಿಹಾಕುವುದು ಕಷ್ಟ.

ಆದರೆ ಮುಕ್ತ ಪೇಟೆ ತಾನಾಗಿ ಹುಟ್ಟುತ್ತದೆ ಎಂಬ ಇವರ ನಂಬಿಕೆಗೆ ಕರ್ನಾಟಕದ ಅನುಭವ ಅಷ್ಟಾಗಿ ಜೊತೆ ಕೊಡಲಿಲ್ಲ. 2020ರಲ್ಲಿ ಕೇಂದ್ರದ ಕೃಷಿ ಕಾಯ್ದೆಗಳಿಗೂ ಮುಂಚೆಯೇ ರಾಜ್ಯ ಸುಗ್ರೀವಾಜ್ಞೆ ತಂದು ಪ್ರಾಂಗಣದ ಹೊರಗಿನ ವ್ಯಾಪಾರವನ್ನು ಬಿಟ್ಟುಕೊಟ್ಟಿತು. ಶೇ 1.5 ಇದ್ದ ಮಾರುಕಟ್ಟೆ ಶುಲ್ಕವನ್ನು ಶೇ 0.35ಕ್ಕೆ ಇಳಿಸಿ, ಆಮೇಲೆ ಶೇ 0.60ಕ್ಕೆ ನಿಲ್ಲಿಸಲಾಯಿತು. ಕೇಂದ್ರದ ಕಾಯ್ದೆಗಳು 2021ರ ನವೆಂಬರ್‌ನಲ್ಲಿ ರದ್ದಾದವು. ರಾಜ್ಯದ ತಿದ್ದುಪಡಿಯನ್ನು ಹಿಂದೆಗೆಯುವ ಮಸೂದೆ 2023ರಲ್ಲಿ ಬಂದು ವಿಧಾನ ಪರಿಷತ್ತಿನ ತಕರಾರು ದಾಟಿ 2024ರಲ್ಲಿ ಮುಗಿಯಿತು. ಈ ನಡುವೆ ಹೊರಗಿನ ವ್ಯಾಪಾರ ಬೆಳೆದದ್ದು ನಿಜ, ಆದರೆ ಅದು ದಾಖಲೆಯಿಂದಲೂ ಹೊರಗೆ ಉಳಿಯಿತು. ಅಲ್ಲಿ ರೈತನಿಗೆ ಎಷ್ಟು ಸಿಕ್ಕಿತೆಂದು ಹೇಳಬೇಕಾದ ಲೆಕ್ಕವೇ ಹುಟ್ಟಲಿಲ್ಲ.

ವಾಯಿದೆ ಪೇಟೆ

ಮುಂದಿನ ಸುಗ್ಗಿಯ ದರವನ್ನು ಇಂದೇ ಕಟ್ಟುವ ವಾಯಿದೆ ವ್ಯಾಪಾರದ ತವರು ಅಕ್ಕಿಯೇ: ಜಪಾನಿನ ಒಸಾಕಾದ ದೋಜಿಮಾ ಪೇಟೆಗೆ 1730ರಲ್ಲಿ ಸರಕಾರಿ ಮನ್ನಣೆ ಸಿಕ್ಕಿತ್ತು. ಇಂದು ಶಿಕಾಗೋದಲ್ಲಿ ಭತ್ತದ ಒಂದು ವಾಯಿದೆ ಒಪ್ಪಂದವೆಂದರೆ ಸುಮಾರು 91 ಟನ್; ಮುಂಡರಗಿಯ ಸಣ್ಣ ಹಿಡುವಳಿದಾರ ಒಂದು ಸುಗ್ಗಿಯಲ್ಲಿ ಮುಟ್ಟಲಾಗದ ಅಳತೆ. ಭಾರತದಲ್ಲಿ 2003ರಲ್ಲಿ ತೆರೆದ ಬಾಗಿಲನ್ನು 2007ರ ಫೆಬ್ರುವರಿಯಲ್ಲಿ ಅಕ್ಕಿ, ಗೋಧಿಗೆ ಮುಚ್ಚಲಾಯಿತು. 2021ರ ಡಿಸೆಂಬರ್‌ನಲ್ಲಿ ಪೇಟೆಯ ನಿಯಂತ್ರಕ ಸೆಬಿ ಏಳು ಸರಕುಗಳ ವಾಯಿದೆ ನಿಲ್ಲಿಸಿ, ಆಮೇಲೆ ಆ ಆದೇಶವನ್ನು ವಿಸ್ತರಿಸುತ್ತಲೇ ಬಂತು. ಆ ಪಟ್ಟಿಯಲ್ಲಿ ಬಾಸ್ಮತಿಯೇತರ ಭತ್ತದ ಜೊತೆ ಗದಗಿನ ಹೆಸರು, ಕಡಲೆಗಳೂ ಇವೆ. ವಾಯಿದೆ ಪರ ಇರುವವರು ಬಿತ್ತುವ ಮೊದಲೇ ದರದ ಸುಳಿವು ಸಿಗುತ್ತದೆ ಎನ್ನುತ್ತಾರೆ, ವಿರೋಧಿಗಳು ಸಟ್ಟಾ ಎನ್ನುತ್ತಾರೆ. ನಿಲ್ಲಿಸಿದ ಮೇಲೆ ದರದ ಏರಿಳಿತ ತಗ್ಗಿತೇ ಎಂಬುದಕ್ಕೆ ಒಪ್ಪಿಗೆಯಾಗುವ ಉತ್ತರ ಇನ್ನೂ ಬಂದಿಲ್ಲ.

ಒಂದು ಚೀಲ ಅಕ್ಕಿ, ಎರಡು ಚೀಲ ಜೋಳ

ಇಲ್ಲಿಯವರೆಗಿನ ಪಂಥಗಳಿಗೆಲ್ಲ ಅಕ್ಕಿಯ ದರವೆಂದರೆ ಅಕ್ಕಿಯ ದರ ಅಷ್ಟೇ. ಎರೆನೆಲದ ರೈತನಿಗೆ ಅದು ಜೋಳದ ದರ, ಗೋವಿನಜೋಳದ ದರ. ನನ್ನ ದೃಷ್ಟಿಯಲ್ಲಿ ಚರ್ಚೆಯ ಅತಿ ದೊಡ್ಡ ಕುರುಡುಜಾಗ ಇದು.

2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಬಡ ಕುಟುಂಬಕ್ಕೆ ಕೆ.ಜಿ.ಗೆ ₹1ರಂತೆ ತಿಂಗಳಿಗೆ 30 ಕೆ.ಜಿ.ವರೆಗೆ ಅಕ್ಕಿ, ಮುಂದೆ ಅದು ಉಚಿತವಾಯಿತು. ಹಸಿವಿನ ವಿರುದ್ಧ ಇದು ಕೊಟ್ಟ ನೆಮ್ಮದಿಯನ್ನು ಲೆಕ್ಕಶಾಸ್ತ್ರದಿಂದ ಅಳೆಯಲು ಹೊರಡುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಆದರೆ ರೊಟ್ಟಿ ಉಣ್ಣುವ ಸೀಮೆಗೆ ಅಕ್ಕಿಯನ್ನೇ ಏಕೆ ಎಂಬ ಪ್ರಶ್ನೆ ನ್ಯಾಯದ್ದು. ಉತ್ತರ ಕರ್ನಾಟಕದ ಪಡಿತರದಲ್ಲಿ ಜೋಳ ಸೇರಿಸುವ ಪ್ರಯತ್ನಗಳು ಬಂದುಹೋದವು, ನಿಲ್ಲಲಿಲ್ಲ. 2025-26ರಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ₹3,749, ಭತ್ತಕ್ಕಿಂತ ಎಷ್ಟೋ ಮೇಲು. ಕಾಗದದ ಮೇಲೆ ಜೋಳ ಗೆದ್ದಿದೆ. ಆದರೆ ಭತ್ತದ ಹಿಂದೆ ಗೋಡೌನು, ಗಿರಣಿ, ಪಡಿತರ ಅಂಗಡಿಯ ಸರಪಳಿ ಇದೆ, ಜೋಳದ ಹಿಂದೆ ಅಂಥದ್ದಿಲ್ಲ. ಜೋಳದ ರೊಟ್ಟಿ ಈಗ ಖಾನಾವಳಿಯಲ್ಲಿ ದುಡ್ಡು ಕೊಟ್ಟು ತಿನ್ನುವ ಊಟ, ಅನ್ನ ಪುಕ್ಕಟೆಯದು.

2023ರಲ್ಲಿ ಈ ಸರಪಳಿಯ ಇನ್ನೊಂದು ಕೊಂಡಿ ಬಯಲಾಯಿತು. ಹೊಸ ರಾಜ್ಯ ಸರಕಾರ ಇನ್ನೂ 5 ಕೆ.ಜಿ. ಕೊಡಲು ಹೊರಟಿತು, ಆಹಾರ ನಿಗಮದಿಂದ ಕೆ.ಜಿ.ಗೆ ₹34ರಂತೆ ಕೊಳ್ಳುವ ಲೆಕ್ಕವಿತ್ತು. ಜೂನ್‌ನಲ್ಲಿ ಕೇಂದ್ರ ರಾಜ್ಯಗಳಿಗೆ ಮಾರಾಟ ನಿಲ್ಲಿಸಿದ್ದರಿಂದ ಅಕ್ಕಿಯ ಬದಲು ತಲೆಗೆ ₹170 ಖಾತೆಗೆ ಜಮಾ ಆಯಿತು. ಅಕ್ಕಿ ಮತ್ತೆ ಬಂದದ್ದು 2025ರ ಫೆಬ್ರುವರಿಯಲ್ಲಿ, ₹22.50ರ ದರದಲ್ಲಿ. ಹಣ ಬಂದ ತಿಂಗಳುಗಳಲ್ಲಿ ಮನೆಗಳು ಕೊಂಡದ್ದು ಅಕ್ಕಿಯನ್ನೋ ಜೋಳವನ್ನೋ ಎಣ್ಣೆಯನ್ನೋ ಎಂಬುದನ್ನು ನಮ್ಮ ಜಿಲ್ಲೆಗಳಲ್ಲಿ ಸರಿಯಾಗಿ ಅಳೆದಿದ್ದರೆ ಧಾನ್ಯವೋ ಹಣವೋ ಎಂಬ ಹಳೆಯ ವಾದ ತೀರ್ಮಾನದ ಹತ್ತಿರ ಬರುತ್ತಿತ್ತು. ಇನ್ನೊಂದೆಡೆ, ಬೇಡವಾದ ಪಡಿತರ ಅಕ್ಕಿಯನ್ನು ಬೀದಿಯಲ್ಲೇ ಕೊಳ್ಳುವ ಜಾಲ ಇದೆ. ಅದು ಪಾಲಿಶ್ ಆಗಿ ಬೇರೆ ಹೆಸರಿನ ಚೀಲದಲ್ಲಿ ಮರಳುತ್ತದೆ ಎಂಬುದು ಪೊಲೀಸರು ಆಗಾಗ ಹಿಡಿಯುವ ಲಾರಿಗಳಿಂದಲೇ ಗೊತ್ತಾಗುವ ಸಂಗತಿ. ಪೇಟೆಯ ಅಕ್ಕಿಗೆ ಅದೂ ಒಬ್ಬ ಪ್ರತಿಸ್ಪರ್ಧಿ.

ಅದೇ ₹22.50ರ ಅಕ್ಕಿಯನ್ನು ಎಥೆನಾಲ್ ಕಾರ್ಖಾನೆಗಳಿಗೂ ಕೊಡಲಾಯಿತು. ಆಹಾರ ನಿಗಮಕ್ಕೆ ಕೆ.ಜಿ. ಅಕ್ಕಿ ಬೀಳುವ ಖರ್ಚು ₹40ರ ಸುತ್ತಮುತ್ತ. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಬೆಲೆಗೆ ಅಕ್ಕಿ ಸಿಗುವಾಗ ಕಾರ್ಖಾನೆ ಗೋವಿನಜೋಳಕ್ಕೆ ಏಕೆ ಹೆಚ್ಚು ಕೊಟ್ಟೀತು? 2025ರ ನವೆಂಬರ್‌ನಲ್ಲಿ ಗೋವಿನಜೋಳದ ಪೇಟೆ ದರ ₹2,400ರ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು, ಖರೀದಿ ಕೇಂದ್ರ ತೆರೆಯಿರಿ ಎಂದು ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ಹೊರಗಿನಿಂದ ನೋಡಿದವರಿಗೆ ಅದು ಗೋವಿನಜೋಳದ ಹೋರಾಟ. ದರ ಕುಸಿತದ ಹಿಂದೆ ಹೆಚ್ಚಿನ ಇಳುವರಿ, ಮೇವಿನ ಬೇಡಿಕೆಯ ಏರಿಳಿತ ಎಲ್ಲ ಇದ್ದೀತು; ಎಥೆನಾಲಿಗೆ ಹೋದ ಅಗ್ಗದ ಅಕ್ಕಿಯನ್ನು ಲೆಕ್ಕದಿಂದ ಬಿಡಲಾಗದು. ಭತ್ತದ ರೈತನಿಗೆ ಕೊಟ್ಟ ಜಾಮೀನಿನ ಬಡ್ಡಿಯನ್ನು ಮಸಾರಿಯ ರೈತ ಕಟ್ಟುವ ಸ್ಥಿತಿ ಇದು.

ಕೂಡಿ ಮಾರುವ ದಾರಿ

ಕಣಗಿನಹಾಳದ ನೆಲದಲ್ಲಿ ಸಹಕಾರವನ್ನು ಮರೆತು ಈ ಸಮೀಕ್ಷೆ ಮುಗಿಸುವಂತಿಲ್ಲ. ಹತ್ತಿಯಲ್ಲಿ ಅದು ಗೆದ್ದದ್ದು ಏಕೆಂದರೆ ಮಾಲನ್ನು ದರ್ಜೆಯಾಗಿ ವಿಂಗಡಿಸಿ, ದೂರದ ಗಿರಣಿಗೆ ಒಟ್ಟಿಗೆ ಮಾರುವುದರಲ್ಲಿ ರೈತನಿಗೆ ಕಣ್ಣಿಗೆ ಕಾಣುವ ಲಾಭವಿತ್ತು. ಮಾಲಿನ ಮೇಲೆ ಮುಂಗಡವೂ ಸಿಗುತ್ತಿತ್ತು. ಭತ್ತದಲ್ಲಿ ಆ ಜಾಗವನ್ನು ಖಾಸಗಿ ಗಿರಣಿಯೇ ಹಿಡಿದಿದೆ. ಇಂದಿನ ರೈತ ಉತ್ಪಾದಕ ಕಂಪನಿಗಳು ಬೀಜ, ಗೊಬ್ಬರ ಮಾರುವುದರಲ್ಲಿ ಚುರುಕಾಗಿವೆ. ಮಾಲು ಕೊಂಡು ಆರು ತಿಂಗಳು ಇಟ್ಟು ಮಾರಲು ಬೇಕಾದ ದುಡಿಯುವ ಬಂಡವಾಳ ಅವುಗಳಲ್ಲಿ ಹೆಚ್ಚಿನವುಗಳ ಬಳಿ ಇಲ್ಲ. ಅಕ್ಕಿಯ ವ್ಯಾಪಾರದಲ್ಲಿ ಲಾಭ ಹುಟ್ಟುವುದು ಕಾಯುವುದರಲ್ಲಿ, ಕಾಯುವ ತಾಕತ್ತು ಇರುವವರ ಕೈಗೇ ಅದು ಹೋಗುತ್ತದೆ.

ಇತ್ಯರ್ಥವಾಗದ ಸಂಗತಿಗಳು

ಆನ್‌ಲೈನ್ ಟೆಂಡರ್ ಭತ್ತಕ್ಕೆ ತಂದ ಶೇ 5ರ ಏರಿಕೆ ಹೊರಗಿನ ವ್ಯಾಪಾರ ಬೆಳೆದ ಮೇಲೂ ಉಳಿದಿದೆಯೇ, ಹೆಸರಿಗೆ ಅದು ಏಕೆ ಸಿಗಲಿಲ್ಲ ಎಂಬುದು ತೆರೆದೇ ಇದೆ. ಗುಣಮಟ್ಟ ಅಳೆಯುವ ಯಂತ್ರ ಪ್ರಾಂಗಣದಲ್ಲಿ ಇಲ್ಲದ್ದು ಕಾರಣವೋ, ಖರೀದಿದಾರರೇ ಕಡಿಮೆಯೋ ಎಂಬಲ್ಲಿ ಅಭ್ಯಾಸಿಗಳಲ್ಲಿ ಒಮ್ಮತವಿಲ್ಲ. ರಫ್ತು ನಿಷೇಧದಿಂದ ಒಳನಾಡಿನ ಗಿರಾಕಿಗೆ ನಿಜಕ್ಕೂ ಎಷ್ಟು ಉಳಿಯಿತು, ರೈತನಿಗೆ ಎಷ್ಟು ಕಳೆಯಿತು ಎಂಬುದರಲ್ಲಿ ಎರಡೂ ಪಕ್ಷದವರು ತಮಗೆ ಬೇಕಾದ ವರ್ಷಗಳನ್ನು ಆರಿಸಿಕೊಳ್ಳುತ್ತಾರೆ.

ನೀರಿನ ಪ್ರಶ್ನೆ ಇದಕ್ಕಿಂತ ಕಠಿಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎರಡು ದಂಡೆಗಳ ಭತ್ತದ ಭವಿಷ್ಯ ಗೇಟಿನ ಒಂದು ಸರಪಳಿಗೆ ಜೋತುಬಿದ್ದದ್ದು ಕಂಡಿತು. ಜಲಾಶಯದಲ್ಲಿ ಹೂಳು ತುಂಬುತ್ತಿರುವಾಗ ಎರಡನೆಯ ಬೆಳೆ ಎಷ್ಟು ಕಾಲ ಬಂದೀತು? ಭತ್ತದ ದರದಲ್ಲಿ ಆ ನೀರಿನ ಬೆಲೆ ಸೇರಿಲ್ಲ. ಸೇರಿಸಿದರೆ ಗದಗಿನ ಚೀಲಕ್ಕೆ ಎಷ್ಟಾದೀತೆಂದು ಹೇಳುವ ಒಮ್ಮತದ ಲೆಕ್ಕವೂ ಇಲ್ಲ. ಅದೇ ಹೊಳೆಗೆ ಹಮ್ಮಿಗಿಯಲ್ಲಿ ಬ್ಯಾರೇಜ್ ಕಟ್ಟಿ ಸಿಂಗಟಾಲೂರು ಏತ ನೀರಾವರಿಯಿಂದ ಮುಂಡರಗಿ, ಗದಗಿನ ಕಡೆ ನೀರು ತರಲಾಗಿದೆ. ಆ ಕಾಲುವೆಗಳು ಪೂರ್ತಿ ಹರಿದ ದಿನ ಇಲ್ಲಿನ ರೈತ ಜೋಳ, ಶೇಂಗಾದಲ್ಲಿ ನಿಲ್ಲುತ್ತಾನೋ, ಗಂಗಾವತಿಯ ಹಾದಿಯಲ್ಲಿ ಭತ್ತಕ್ಕೆ ಇಳಿಯುತ್ತಾನೋ ಎಂಬುದನ್ನು ನೀರಾವರಿ ಇಲಾಖೆಯ ಬೆಳೆ ಪಟ್ಟಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಖರೀದಿ ಕೇಂದ್ರ ಯಾವ ಬೆಳೆಗೆ ತೆರೆಯುತ್ತದೆ ಎಂಬುದೇ.